ಹಟ್ಟಿಯ ಪಂಪು ನಿಲ್ಲುವ ಮೊದಲು

ಅಣು ಅಂದರೆ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರಿಗೆ ತಟ್ಟನೆ ನೆನಪಾಗುವುದು ಗೋಗಿ. ಕೃಷ್ಣೆ ದಾಟಿ ಶಹಾಪುರ ತಾಲೂಕಿಗೆ ಹೋದರೆ ಸಿಗುವ ಊರು. ಅಲ್ಲಿ ನೆಲದಡಿ ಯುರೇನಿಯಂ ಇದೆ ಅಂತ ಗೊತ್ತಾಯಿತು, ಗಣಿ ಬೇಡ ಅಂತ ಊರಿನ ಜನ ಎದ್ದು ನಿಂತರು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಹೇಳಹೊರಟಿರುವುದು ಅಣುವನ್ನು ಅಗೆಯುವ ಗಣಿಯ ಬಗ್ಗೆ ಅಲ್ಲ, ಅಣುವನ್ನು ಕಾಯುತ್ತಾ ಕೂತಿದ್ದ ಒಂದು ಗಣಿಯ ಬಗ್ಗೆ. ಕೋಲಾರದ ಚಿನ್ನದ ಗಣಿ. ಅಲ್ಲಿ ನೆಲದಿಂದ ಎರಡು ಕಿಲೋಮೀಟರ್‌ಗೂ ಹೆಚ್ಚು ಕೆಳಗೆ ಒಂದು ಪ್ರಯೋಗಾಲಯವಿತ್ತು. ಇವತ್ತು ಅದು ನೀರಲ್ಲಿದೆ.

ಕೋಲಾರದ ಗಣಿ ಬಗ್ಗೆ ರಾಯಚೂರು ಜಿಲ್ಲೆಯವನಿಗೇನು ಚಿಂತೆ ಅಂತ ಕೇಳಬಹುದು. ಹಟ್ಟಿ ನಮ್ಮ ಲಿಂಗಸುಗೂರು ತಾಲೂಕಿನದು ಸ್ವಾಮಿ! ಕೋಲಾರ ಮುಚ್ಚಿದ ಮೇಲೆ ದೇಶದಲ್ಲಿ ಹೇಳಿಕೊಳ್ಳುವಷ್ಟು ಚಿನ್ನ ತೆಗೆಯುತ್ತಾ ಬಂದಿರುವ ಗಣಿ ಅದೊಂದೇ. ಅದಕ್ಕೂ ಒಂದು ದಿನ ಕೊನೆ ಇದೆ. ಆ ದಿನಕ್ಕೆ ನಾವು ಏನು ತಯಾರಿ ಮಾಡಿಕೊಂಡಿದ್ದೇವೆ ಅನ್ನುವುದು ನನ್ನ ಪ್ರಶ್ನೆ.

ನೆಲದಡಿಯ ಅಣು ಕಾವಲು ಠಾಣೆ ಅಂತ ಹುಡುಕಿದರೆ ಮೊದಲು ಸಿಗುವುದು ಬ್ರಿಟನ್ನಿನವು. ಶೀತಲ ಸಮರದ ಕಾಲದಲ್ಲಿ ಅಲ್ಲಿ ಹೊಲ, ಗುಡ್ಡ, ಹಳ್ಳಿಯಂಚು ಅಂತ ನೋಡದೆ ಸಾವಿರದ ಐನೂರಕ್ಕೂ ಹೆಚ್ಚು ಕಾಂಕ್ರೀಟ್ ಗೂಡುಗಳನ್ನು ಹೂತಿದ್ದರು. ಸುಮಾರು ಹದಿನೈದು ಅಡಿ ಏಣಿ ಇಳಿದರೆ ಒಂದು ಸಣ್ಣ ಕೋಣೆ, ಮೂರು ಜನ, ಒಂದು ಟೆಲಿಫೋನು. ಬಾಂಬು ಬಿದ್ದರೆ ಅದರ ಒತ್ತಡ ಎಷ್ಟು, ಯಾವ ದಿಕ್ಕಿನಲ್ಲಿ ಬಿತ್ತು, ವಿಕಿರಣ ಎಷ್ಟಿದೆ ಅಂತ ಅಳೆದು ಮೇಲಿನವರಿಗೆ ತಿಳಿಸುವುದು ಅವರ ಕೆಲಸ. ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು: ಊರಿನ ಮೇಷ್ಟ್ರು, ಅಂಗಡಿಯವರು, ರೈತರು ಇಂಥವರೇ. ರಾಯಲ್ ಅಬ್ಸರ್ವರ್ ಕೋರ್ ಅಂತ ಪಡೆಯ ಹೆಸರು. ಪುಣ್ಯಕ್ಕೆ ಒಂದು ಬಾಂಬೂ ಬೀಳಲಿಲ್ಲ. 1968ರಲ್ಲಿ ಅರ್ಧದಷ್ಟು ಠಾಣೆ ಮುಚ್ಚಿದರು, 1991ರಲ್ಲಿ ಉಳಿದವರನ್ನೂ ಮನೆಗೆ ಕಳಿಸಿದರು. ಈಗ ಅಲ್ಲಿ ಹವ್ಯಾಸಿಗಳು ಒಂದೊಂದು ಗುಂಡಿಯನ್ನೂ ಹುಡುಕಿ, ಫೋಟೋ ತೆಗೆದು, ಪಟ್ಟಿ ಮಾಡಿದ್ದಾರೆ. ಕೆಲವರು ಬಣ್ಣ ಬಳಿದು ಮ್ಯೂಸಿಯಂ ಮಾಡಿದ್ದಾರೆ. ಬಾಂಬು ಬೀಳದ ಗುಂಡಿಗೇ ಅಷ್ಟು ಮರ್ಯಾದೆ!

ನಮ್ಮಲ್ಲಿ ಇಂಥದ್ದು ಇಲ್ಲವೇ ಅಂದರೆ ಇದೆ. ಇತ್ತು ಕೂಡ. ಒಂದೇ ವರ್ಷ, ಒಂದೇ ಜಿಲ್ಲೆಯಲ್ಲಿ ಎರಡು ಕೆಲಸ ನಡೆದವು. ವರ್ಷ 1965, ಜಿಲ್ಲೆ ಕೋಲಾರ.

ಮೊದಲನೆಯದು ಗೌರಿಬಿದನೂರಿನಲ್ಲಿ. (ಅದು ಈಗ ಚಿಕ್ಕಬಳ್ಳಾಪುರ ಜಿಲ್ಲೆ. ಜಿಲ್ಲೆ ಒಡೆದದ್ದು 2007ರಲ್ಲಿ.) ಗಾಳಿಯಲ್ಲಿ, ನೀರಲ್ಲಿ, ಬಾಹ್ಯಾಕಾಶದಲ್ಲಿ ಅಣುಬಾಂಬು ಸಿಡಿಸಬಾರದು ಅಂತ 1963ರಲ್ಲಿ ಒಪ್ಪಂದ ಆಯಿತಲ್ಲ, ಆಮೇಲೆ ದೊಡ್ಡ ದೇಶಗಳು ನೆಲದೊಳಗೆ ಸಿಡಿಸುವುದನ್ನೇ ರೂಢಿ ಮಾಡಿಕೊಂಡವು. ಹಾಗಾದರೆ ಕದ್ದು ಸಿಡಿಸಿದ್ದು ಗೊತ್ತಾಗುವುದು ಹೇಗೆ? ನೆಲಕ್ಕೆ ಕಿವಿ ಇಟ್ಟು. ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯವರು ಇದಕ್ಕೆಂದೇ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮಂಗಾದಲ್ಲಿ ಕಂಪನಮಾಪಕಗಳ ಸಾಲು ಹೂಡಿದರು. ಅದೇ ಸಾಲಿನದು ಗೌರಿಬಿದನೂರು, ನಮ್ಮ ಅಣುಶಕ್ತಿ ಇಲಾಖೆಯ ಜೊತೆ ಸೇರಿ ಮಾಡಿದ್ದು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಎರಡು ಸಾಲು, ಒಂದೊಂದೂ ಇಪ್ಪತ್ತು ಕಿಲೋಮೀಟರ್‌ಗಿಂತ ಉದ್ದ, ಅದರುದ್ದಕ್ಕೂ ಗುಂಡಿಗಳಲ್ಲಿ ಮಾಪಕಗಳು. ಜಾತ್ರೆಯ ಗದ್ದಲದಲ್ಲಿ ದೂರದ ಕೂಗು ಒಬ್ಬನಿಗೆ ಸರಿಯಾಗಿ ಕೇಳುವುದಿಲ್ಲ. ಸಾಲಾಗಿ ನಿಂತ ಇಪ್ಪತ್ತು ಜನ ಒಬ್ಬರ ಹಿಂದೆ ಒಬ್ಬರು 'ಈಗ ಕೇಳ್ತು, ಈಗ ಕೇಳ್ತು' ಅಂದರೆ ಕೂಗೂ ಖಚಿತ, ದಿಕ್ಕೂ ಗೊತ್ತಾಗುತ್ತದೆ. ಅಷ್ಟೇ ಲೆಕ್ಕ. ಚೀನಾದ ಲೋಪ್ ನೋರ್ ಆಗಲಿ, ಸೋವಿಯತ್ತಿನ ಸೆಮಿಪಲಾಟಿನ್ಸ್ಕ್ ಆಗಲಿ, 1998ರ ಮೇ ತಿಂಗಳಲ್ಲಿ ಪಾಕಿಸ್ತಾನದ ಚಾಗೈ ಆಗಲಿ, ಅಲ್ಲಿನ ಬೆಟ್ಟ ನಡುಗಿದ್ದು ಗೌರಿಬಿದನೂರಿನ ಬಂಡೆಗೆ ಕೇಳಿಸಿತು.

ಎರಡನೆಯದು ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕೆಜಿಎಫ್‌ನಲ್ಲಿ. ಇದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಆಕಾಶದಿಂದ ನಮ್ಮ ಮೇಲೆ ಸದಾ ಕಣಗಳ ಮಳೆ ಸುರಿಯುತ್ತಿರುತ್ತದೆ, ಕಾಸ್ಮಿಕ್ ಕಿರಣ ಅಂತಾರೆ. ಈ ಮಳೆಯಲ್ಲಿ ಮ್ಯುಆನ್ ಅಂತ ಒಂದು ಕಣ ಇದೆ, ಅದು ಬಂಡೆಯನ್ನೂ ತೂರಿಕೊಂಡು ಹೋಗುತ್ತದೆ. ಎಷ್ಟು ಆಳದವರೆಗೆ? ಅದನ್ನು ಅಳೆಯಲು ಹೋಮಿ ಭಾಭಾ ಟಾಟಾ ಸಂಸ್ಥೆಯ ಹುಡುಗರನ್ನು 1950ರ ದಶಕದ ಶುರುವಿನಲ್ಲೇ ಕೋಲಾರಕ್ಕೆ ಕಳಿಸಿದ್ದರು. ಆ ಹುಡುಗರಲ್ಲಿ ಒಬ್ಬರು ಬಿ.ವಿ. ಶ್ರೀಕಂಠನ್, ನಂಜನಗೂಡಿನವರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ಕೆಳಗೆ ಹೋದಷ್ಟೂ ಮ್ಯುಆನ್ ಕಡಿಮೆಯಾಗುತ್ತಾ ಬಂತು. 1960ರ ದಶಕದ ಮೊದಲಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,760 ಮೀಟರ್ ಆಳಕ್ಕೆ ಇಳಿದು ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯುಆನ್ ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ 'ಏನೂ ಸಿಗಲಿಲ್ಲ' ಅಂತ ಗಂಟುಮೂಟೆ ಕಟ್ಟುತ್ತಿದ್ದರೋ ಏನೋ. ಇವರು ಯೋಚಿಸಿದ್ದು ತಿರುಗುಮುರುಗು. ಇಷ್ಟು ನಿಶ್ಶಬ್ದ ಇರುವ ಜಾಗದಲ್ಲಿ ಏನಾದರೂ ಸದ್ದಾದರೆ ಅದು ನ್ಯೂಟ್ರಿನೋದ್ದೇ ಆಗಿರಬೇಕು ಅಂತ! ನ್ಯೂಟ್ರಿನೋ ಭೂಮಿಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವ ಕಣ, ಅದಕ್ಕೆ ಬಂಡೆಯೂ ಒಂದೇ ಗಾಳಿಯೂ ಒಂದೇ. ಯಾವಾಗಲೋ ಒಮ್ಮೆ ಬಂಡೆಯೊಳಗೆ ಡಿಕ್ಕಿ ಹೊಡೆದು ಮ್ಯುಆನ್ ಹುಟ್ಟಿಸುತ್ತದೆ. ಮೇಲಿನಿಂದ ಬರುವ ಮ್ಯುಆನನ್ನು ಬಂಡೆ ತಡೆಯುತ್ತದೆ, ಹಾಗಾಗಿ ಅಡ್ಡಡ್ಡ ಬರುವುದನ್ನು ಹಿಡಿದರೆ ಆಯಿತು. ಉಪಕರಣವನ್ನು ಹಾಸಿಗೆಯ ಹಾಗೆ ಹಾಸದೆ ಗೋಡೆಯ ಹಾಗೆ ನಿಲ್ಲಿಸಿದರು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ. 1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕಿದ್ದು ಆ ವರ್ಷ, ಎರಡು ಕಡೆ, ಎರಡೂ ಚಿನ್ನದ ಗಣಿಗಳು: ಒಂದು ದಕ್ಷಿಣ ಆಫ್ರಿಕಾದ್ದು, ಇನ್ನೊಂದು ನಮ್ಮ ಕೋಲಾರದ್ದು.

1980ರಲ್ಲಿ ಶುರುವಾದದ್ದು ಇನ್ನೂ ಮಜಾ ಇದೆ. ಪರಮಾಣುವಿನ ಬೀಜದೊಳಗಿನ ಪ್ರೋಟಾನು ಅಮರವೇ, ಅಥವಾ ಅದೂ ಒಂದು ದಿನ ಸಾಯುತ್ತದೆಯೇ? ಸಾಯುವುದಿದ್ದರೂ ವಿಶ್ವದ ವಯಸ್ಸಿಗಿಂತ ಲೆಕ್ಕವಿಲ್ಲದಷ್ಟು ಪಟ್ಟು ಹೆಚ್ಚು ಕಾಲ ಬೇಕು. ಒಂದೇ ಪ್ರೋಟಾನನ್ನು ಅಷ್ಟು ಕಾಲ ನೋಡುತ್ತಾ ಕೂರಲಾಗದು, ಎಣಿಸಲಾಗದಷ್ಟು ಪ್ರೋಟಾನುಗಳನ್ನು ಕೆಲವು ವರ್ಷ ನೋಡಬಹುದು. ಅದಕ್ಕೆ 140 ಟನ್ ಕಬ್ಬಿಣ ಇಳಿಸಿದರು. ಪದರ ಪದರವಾಗಿ ಜೋಡಿಸಿದ ಕೊಳವೆಗಳ ನಡುವೆ ಕಬ್ಬಿಣದ ಪಟ್ಟಿಗಳು. ಯಾವುದಾದರೂ ಒಂದು ಪರಮಾಣು ಬೀಜ ತಾನಾಗಿ ಒಡೆದೀತೇ ಅಂತ ಹಗಲೂ ರಾತ್ರಿ ಕಾಯುವ ಠಾಣೆ. ಆ ಕಬ್ಬಿಣವೆಲ್ಲ ಗಣಿಯ ಕೇಜಿನಲ್ಲೇ ಇಳಿಯಬೇಕು, ಚಿನ್ನದ ಅದಿರು ಮೇಲೆ ಬರುವ ಅದೇ ಶಾಫ್ಟಿನಲ್ಲಿ. ಲೇಖನದ ಮೇಲೆ ವಿಜ್ಞಾನಿಗಳ ಹೆಸರಿದೆ, ಕೇಜು ಓಡಿಸಿದವರದ್ದು ಇಲ್ಲ.

ಪ್ರೋಟಾನು ಸತ್ತಿತೇ? ಕೆಲವು ಗುರುತು ಸಿಕ್ಕಿವೆ ಅಂತ ಕೋಲಾರದವರು ಹೇಳಿದರು, ಬೇರೆ ದೇಶದ ದೊಡ್ಡ ಉಪಕರಣಗಳಲ್ಲಿ ಅದು ಕಾಣಲಿಲ್ಲ. ಪ್ರೋಟಾನಿನ ಆಯುಸ್ಸು ಕನಿಷ್ಠ 1ರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷ ಇರಬೇಕು ಅಂತ ಈಗಿನ ಲೆಕ್ಕ. ಕೋಲಾರದ ಗುರುತುಗಳು ಬೇರೇನೋ ಆಗಿರಬೇಕು. 1975ರಲ್ಲಿ ಅಲ್ಲಿ ಕಂಡ ಇನ್ನು ಕೆಲವು ವಿಚಿತ್ರ ಗುರುತುಗಳಿಗೆ 'ಕೋಲಾರ ಘಟನೆಗಳು' ಅಂತಲೇ ಹೆಸರು ಬಿದ್ದಿದೆ, ಅವುಗಳಿಗೆ ಎಲ್ಲರೂ ಒಪ್ಪುವ ವಿವರಣೆ ಸಿಕ್ಕಿಲ್ಲ. ಮತ್ತೊಮ್ಮೆ ಅದೇ ಜಾಗಕ್ಕೆ ಇಳಿದು ಇನ್ನೂ ಒಳ್ಳೆಯ ಉಪಕರಣ ಇಟ್ಟು ನೋಡೋಣ ಅಂದರೆ ಜಾಗವೇ ಇಲ್ಲ.

ಯಾಕೆ ಇಲ್ಲ? ಪ್ರಯೋಗಾಲಯ ಸ್ವಂತ ಕಾಲಿನ ಮೇಲೆ ನಿಂತಿರಲಿಲ್ಲ, ಅದಕ್ಕೆ. ಆಳದ ಗಣಿ ಅಂದರೆ ಬಾವಿಯ ಥರ. ಪಂಪು ಹಗಲೂ ರಾತ್ರಿ ನೀರು ಎತ್ತುತ್ತಿರಬೇಕು, ಗಾಳಿ ಇಳಿಸುತ್ತಿರಬೇಕು, ಕೇಜು ಓಡುತ್ತಿರಬೇಕು. ಆ ಖರ್ಚನ್ನೆಲ್ಲ ಹೊತ್ತದ್ದು ಚಿನ್ನ, ವಿಜ್ಞಾನ ಅದರ ಬೆನ್ನ ಮೇಲೆ ಕೂತಿತ್ತು. ಅದಿರಿನಲ್ಲಿ ಚಿನ್ನ ತೆಳುವಾಯಿತು, ಖರ್ಚು ಏರಿತು, ಆಳದ ಲೆವೆಲ್‌ಗಳನ್ನು ಬಿಡುತ್ತಾ ಬಂದರು. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು. 2001ರ ಫೆಬ್ರವರಿ 28ಕ್ಕೆ ಗಣಿಯನ್ನೇ ಮುಚ್ಚಿದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ್ದು, ಸುಮಾರು 800 ಟನ್ ಚಿನ್ನ ಕೊಟ್ಟಿದ್ದು, 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡಿದ್ದು, ಎಲ್ಲ ಮುಗಿಯಿತು. ಪಂಪು ನಿಂತಿತು, ನೀರು ಏರಿತು. ಸಾವಿರಾರು ಕುಟುಂಬಗಳ ಕೆಲಸ ಹೋದದ್ದಕ್ಕೆ ಹೋಲಿಸಿದರೆ ಒಂದು ಪ್ರಯೋಗಾಲಯ ಏನು ಮಹಾ ಅನ್ನಬಹುದು. ಒಪ್ಪುತ್ತೇನೆ. ಆದರೆ ಎರಡನ್ನೂ ಮುಳುಗಿಸಿದ್ದು ಒಂದೇ ಲೆಕ್ಕಪುಸ್ತಕ: ಆ ವರ್ಷದ ಚಿನ್ನದ ಬೆಲೆ. ಆಗ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಂದು ಔನ್ಸಿಗೆ 300 ಡಾಲರ್ ಕೂಡ ಇರಲಿಲ್ಲ. ಇವತ್ತಿನ ಬೆಲೆ ನಿಮಗೇ ಗೊತ್ತು, ಮದುವೆ ಸೀಸನ್ ಬಂದರೆ ಎಲ್ಲರ ಮನೆಯಲ್ಲೂ ಅದೇ ಮಾತು :)

ಈಗ ಅದೇ ಹೊತ್ತಿಗೆ ಬೇರೆಯವರು ಏನು ಮಾಡಿದರು ನೋಡಿ. ಜಪಾನಿನ ಕಮಿಯೋಕಾ ಕೂಡ ಗಣಿಯೇ, ಸತು-ಸೀಸದ್ದು. ಕೋಲಾರದ ಹಾಗೇ ಪ್ರೋಟಾನು ಸಾಯುವುದನ್ನು ಕಾಯಲು 1983ರಲ್ಲಿ ಅಲ್ಲೊಂದು ದೊಡ್ಡ ನೀರಿನ ತೊಟ್ಟಿ ಕಟ್ಟಿದರು. ಪ್ರೋಟಾನು ಅಲ್ಲೂ ಸಾಯಲಿಲ್ಲ, ಆದರೆ 1987ರಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೋ ಸಿಕ್ಕಿತು. ಕೊಶಿಬಾಗೆ 2002ರಲ್ಲಿ ನೊಬೆಲ್ ಬಂತು. ಆಮೇಲೆ ಅದಕ್ಕಿಂತ ದೊಡ್ಡ ತೊಟ್ಟಿ, 2015ರಲ್ಲಿ ಕಜಿತಾಗೆ ನೊಬೆಲ್. ಕಜಿತಾ ನೊಬೆಲ್ ಪಡೆದದ್ದು ಯಾವುದಕ್ಕೆ? ವಾತಾವರಣದ ನ್ಯೂಟ್ರಿನೋ ಬಗ್ಗೆ, ಅಂದರೆ 1965ರಲ್ಲಿ ಕೋಲಾರ ಹಿಡಿದ ಅದೇ ಕಣ. ಕಮಿಯೋಕಾದಲ್ಲೂ ಅದಿರು ತೆಗೆಯುವುದು ನಿಂತದ್ದು 2001ರಲ್ಲೇ! ಗಣಿ ನಿಂತಿತು, ಪ್ರಯೋಗಾಲಯ ನಿಲ್ಲಲಿಲ್ಲ.

ಅಮೆರಿಕದ ಹೋಮ್‌ಸ್ಟೇಕ್ ಕಥೆ ನಮಗೆ ಇನ್ನೂ ಹತ್ತಿರದ್ದು, ಅದು ಚಿನ್ನದ ಗಣಿಯೇ. ರೇ ಡೇವಿಸ್ ಅಲ್ಲಿ 1960ರ ದಶಕದಿಂದ ಸೂರ್ಯನ ನ್ಯೂಟ್ರಿನೋ ಎಣಿಸುತ್ತಿದ್ದರು, ಕೊಶಿಬಾ ಜೊತೆ ನೊಬೆಲ್ ಹಂಚಿಕೊಂಡವರು. ಗಣಿ ಮುಚ್ಚಿತು, 2003ರಲ್ಲಿ ಪಂಪನ್ನೂ ನಿಲ್ಲಿಸಿದರು. ನಮ್ಮ ಹಾಗೇ ನೀರು ಏರಿತು. ಆದರೆ ಅಲ್ಲಿನ ರಾಜ್ಯ ಸರ್ಕಾರ 2006ರಲ್ಲಿ ಗಣಿಯನ್ನು ತನ್ನ ಹೆಸರಿಗೆ ಬರೆಸಿಕೊಂಡಿತು, ಒಬ್ಬ ಸಿರಿವಂತ 7 ಕೋಟಿ ಡಾಲರ್ ಕೊಟ್ಟ, 2008ರಲ್ಲಿ ಮತ್ತೆ ಪಂಪು ಹಾಕಿ ನೀರು ಎತ್ತಿದರು. ಡೇವಿಸ್ ಕೂತಿದ್ದ ಅದೇ ಗುಹೆಯಲ್ಲಿ ಆಮೇಲೆ ಡಾರ್ಕ್ ಮ್ಯಾಟರ್ ಹುಡುಕುವ ಕೆಲಸ ಶುರುವಾಯಿತು. ಐದು ವರ್ಷ ಮುಳುಗಿದ ಗಣಿಯನ್ನು ಎತ್ತುವುದಕ್ಕೇ ಅಷ್ಟು ದುಡ್ಡು, ಅಷ್ಟು ಪಾಡು. ಪಂಪು ನಿಲ್ಲಿಸದೇ ಇದ್ದಿದ್ದರೆ ಎಷ್ಟು ಉಳಿಯುತ್ತಿತ್ತು!

ನಮ್ಮ ಸರ್ಕಾರಕ್ಕೆ ಕೋಲಾರದ ಗಣಿ ಮತ್ತೆ ನೆನಪಾದದ್ದು ಯಾವಾಗ ಗೊತ್ತೇ? 2012ರಲ್ಲಿ. ಕೂಡಂಕುಳಂನ ಅಣುತ್ಯಾಜ್ಯವನ್ನು ಎಲ್ಲಿಡುತ್ತೀರಿ ಅನ್ನುವ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಮುಂದೆ ಕೆಜಿಎಫ್ ಹೆಸರು ಬಂತು. ಜನ ಬೀದಿಗೆ ಇಳಿದರು, ಹಾಗೇನಿಲ್ಲ ಅಂತ ಸರ್ಕಾರ ಹಿಂದೆ ಸರಿಯಿತು. ಖಾಲಿ ಬಿಟ್ಟ ಮನೆಯ ಮುಂದೆ ಕಸ ಬೀಳುತ್ತದೆ ಅನ್ನುವುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅಣುವನ್ನು ಕಾಯುತ್ತಿದ್ದ ಜಾಗಕ್ಕೆ ಅಣುವಿನ ಕಸ ಸುರಿಯುವ ಯೋಚನೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಸಿನಿಮಾ ಬಂದಮೇಲೆ ಕೆಜಿಎಫ್ ಅಂದರೆ ಯಶ್ ಅನ್ನುವವರೇ ಹೆಚ್ಚು. ನ್ಯೂಟ್ರಿನೋ ಅಂದರೆ ಯಾರಿಗೂ ಏನೂ ಗೊತ್ತಿಲ್ಲ.

ಗೌರಿಬಿದನೂರು ಉಳಿದದ್ದಕ್ಕೂ ಕೆಜಿಎಫ್ ಮುಳುಗಿದ್ದಕ್ಕೂ ನನಗೆ ಕಾಣುವ ವ್ಯತ್ಯಾಸ ಇಷ್ಟೇ. ಗೌರಿಬಿದನೂರಿಗೆ ಹಣ ಬಂದದ್ದು ಅದಕ್ಕಾಗಿಯೇ, ಬೇರೆ ಯಾವುದರದೋ ಲಾಭದಿಂದಲ್ಲ. ಅಕ್ಕಪಕ್ಕದವರು ಬಾಂಬು ಸಿಡಿಸಿದರೆ ತಿಳಿಯಬೇಕಲ್ಲ, ಭಯ ಇತ್ತು. ಭಯ ಇರುವ ಕಡೆ ಬಜೆಟ್ ಇರುತ್ತದೆ. ಕುತೂಹಲಕ್ಕೆ ಯಾರೂ ಪಂಪು ಓಡಿಸುವುದಿಲ್ಲ.

ಇಷ್ಟಾದ ಮೇಲೆ ದೇಶಕ್ಕೆ ಮತ್ತೆ ನೆಲದಡಿಯ ಪ್ರಯೋಗಾಲಯ ಬೇಕು ಅನ್ನಿಸಿತು. ನೀಲಗಿರಿಯ ಸಿಂಗಾರದಲ್ಲಿ ಅಂದರು, ಹುಲಿ ಕಾಡಿನ ಪಕ್ಕ ಬೇಡ ಅಂತ 2009ರಲ್ಲಿ ಅನುಮತಿ ಸಿಗಲಿಲ್ಲ. ತಮಿಳುನಾಡಿನ ತೇನಿ ಬೆಟ್ಟ ಅಂದರು, 2015ರಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಯ ಜನ, ಆಮೇಲೆ ಅಲ್ಲಿಯ ಸರ್ಕಾರವೇ ಬೇಡ ಅಂದಿತು. ಅವರ ಬೆಟ್ಟ, ಅವರ ಕಾಡು, ಅವರ ಆತಂಕ ಅವರಿಗೆ. ಕೊರೆದಿದ್ದ ಗುಂಡಿಯನ್ನು ಮುಳುಗಿಸಿ ಕೊರೆಯದ ಬೆಟ್ಟ ಹುಡುಕಿಕೊಂಡು ಹೋದರಲ್ಲ ಅನ್ನುವುದು ನನ್ನ ಸಂಕಟ.

ಇನ್ನು ನಮ್ಮೂರ ಕಡೆ ಬರುತ್ತೇನೆ. ಸಿಂಧನೂರಿನ ಭತ್ತದ ಗದ್ದೆ ದಾಟಿ ಮಸ್ಕಿ ಮೇಲೆ ಲಿಂಗಸುಗೂರಿಗೆ ಬರುವ ಹೊತ್ತಿಗೆ ನೆಲದ ಗುಣವೇ ಬದಲಾಗಿರುತ್ತದೆ. ಈ ಕಡೆಯ ಬಂಡೆಗೆ ಭೂವಿಜ್ಞಾನಿಗಳು ಕೊಟ್ಟ ಹೆಸರೇ ಹಟ್ಟಿ-ಮಸ್ಕಿ ಶಿಲಾಪಟ್ಟಿ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಜನ ಇಲ್ಲಿ ಬಂಡೆ ಒಡೆದು ಚಿನ್ನ ತೆಗೆದಿದ್ದಾರೆ, ಹಟ್ಟಿಯ ಹಳೇ ಗುಂಡಿಗಳು ನೂರಾರು ಅಡಿ ಆಳಕ್ಕೆ ಹೋಗಿವೆ. ಪಂಪಿಲ್ಲ, ಕರೆಂಟಿಲ್ಲ, ಹೇಗೆ ಇಳಿದರೋ! 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರು ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಾ ಮಸ್ಕಿ ಗುಡ್ಡ ಹತ್ತಿದ. ಬಂಡೆಯ ಮೇಲೆ ಅಕ್ಷರ ಕಂಡಿತು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಚಿನ್ನ ಹುಡುಕಲು ಬಂದವನು 'ಇದು ಚಿನ್ನ ಅಲ್ಲ' ಅಂತ ಇಳಿದು ಹೋಗಿದ್ದರೆ? ನಮ್ಮ ಕಡೆಯಿಂದ ಜಗತ್ತಿಗೆ ಹೋದ ಅತಿ ದೊಡ್ಡ ಸುದ್ದಿ ಚಿನ್ನದ ಕೆಲಸದಲ್ಲಿ ಅಡ್ಡ ಸಿಕ್ಕಿದ್ದು, ಕೋಲಾರದ ನ್ಯೂಟ್ರಿನೋ ಹಾಗೇ.

ಹಟ್ಟಿ ಕೋಲಾರದಷ್ಟು ಆಳ ಇಲ್ಲ, ಮೂರು ಸಾವಿರ ಅಡಿಯ ಆಸುಪಾಸು. ಹಾಗಾಗಿ ಕೋಲಾರದ ಕೆಲಸವನ್ನೇ ಇಲ್ಲಿ ಮಾಡಿ ಅನ್ನುತ್ತಿಲ್ಲ. ಆದರೆ ಜಾರ್ಖಂಡಿನ ಜಾದುಗುಡದಲ್ಲಿ, ಯುರೇನಿಯಂ ಗಣಿ ನಡೆಯುತ್ತಿರುವಾಗಲೇ, ಕೇವಲ 555 ಮೀಟರ್ ಆಳದಲ್ಲಿ 2017ರಲ್ಲಿ ಕೋಲ್ಕತ್ತಾದ ಸಾಹಾ ಸಂಸ್ಥೆಯವರು ಒಂದು ಸಣ್ಣ ಪ್ರಯೋಗಾಲಯ ಮಾಡಿದರು. ಅಲ್ಲಿ ಆಗುವುದು ಇಲ್ಲಿ ಯಾಕಾಗದು? ಡಾರ್ಕ್ ಮ್ಯಾಟರ್ ಇರಲಿ, ಬಂಡೆ ಒತ್ತಡದಲ್ಲಿ ಹೇಗೆ ಸಿಡಿಯುತ್ತದೆ ಅನ್ನುವ ಅಧ್ಯಯನ ಇದೆ, ಅದು ನೇರವಾಗಿ ಕಾರ್ಮಿಕರ ಜೀವಕ್ಕೆ ಸಂಬಂಧಪಟ್ಟದ್ದು. ಕಂಪನಮಾಪಕ ಇಡಬಹುದು. ರಾಯಚೂರಿಗೆ ಬರಬೇಕೆಂದು ಕೇಳಿದ ಐಐಟಿ 2016ರಲ್ಲಿ ಧಾರವಾಡದ ಪಾಲಾಯಿತು, 2019ರಲ್ಲಿ ಟ್ರಿಪಲ್ ಐಟಿ ಬಂತು. ಅಲ್ಲಿಯ ಹುಡುಗರಿಗೆ ಉಪಕರಣ ಕಟ್ಟಿ ಇಳಿಸುವ ಜಾಗ ಬಸ್ಸಿನ ದಾರಿಯಲ್ಲೇ ಇದೆ.

'ಶಾಲೆಗೆ ಮೇಷ್ಟ್ರಿಲ್ಲ, ಏಮ್ಸ್‌ಗಾಗಿ ಜನ ಧರಣಿ ಕೂತಿದ್ದು ಮರೆತೆಯಾ, ನಿನಗೆ ನ್ಯೂಟ್ರಿನೋ ಬೇಕಾ' ಅಂತ ನಮ್ಮ ಗೆಳೆಯರೇ ಬೈಯುತ್ತಾರೆ. ಬೈಯಲಿ. ನಾನು 1,500 ಕೋಟಿ ಕೇಳುತ್ತಿಲ್ಲ. ಅದಿರು ಮುಗಿದ ಒಂದು ಲೆವೆಲ್‌ನಲ್ಲಿ ಒಂದು ಕೋಣೆ, ಅದಕ್ಕೊಂದು ಬೀಗ, ಒಂದು ತಂತಿ. ಮತ್ತು ಕಾಗದದ ಮೇಲೆ ಒಂದು ಸಾಲು.

ಆ ಸಾಲು ಎಲ್ಲಿ ಅಂದರೆ, ಗಣಿ ಮುಚ್ಚುವ ಯೋಜನೆಯಲ್ಲಿ. ಕೋಲಾರ ಮುಚ್ಚುವಾಗ ಇಂಥದ್ದೊಂದು ಕಡ್ಡಾಯ ಇರಲಿಲ್ಲ. 2003ರಲ್ಲಿ ನಿಯಮ ತಿದ್ದಿದ ಮೇಲೆ ಗಣಿ ನಡೆಸುವವರು ಅದನ್ನು ಹೇಗೆ ಮುಚ್ಚುತ್ತೇವೆ ಅಂತ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಹಟ್ಟಿ ಖಾಸಗಿಯವರದ್ದಲ್ಲ, ರಾಜ್ಯ ಸರ್ಕಾರದ ಕಂಪನಿ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಅಂತ ಹುಟ್ಟಿ, 1956ರಲ್ಲಿ ಹೆಸರು ಬದಲಿಸಿಕೊಂಡು ನಮಗೆ ಬಂದದ್ದು. ಅಂದರೆ ಕೇಳಬೇಕಾದದ್ದು ದೆಹಲಿಯವರನ್ನಲ್ಲ, ನಾವು ವೋಟು ಹಾಕಿದ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಶಾಸಕರನ್ನೇ. ಅದಿರು ಮುಗಿದ ಮೇಲೆ ಯಾವ ಲೆವೆಲ್‌ವರೆಗೆ ಪಂಪು ಓಡಿಸುತ್ತೀರಿ, ಎಷ್ಟು ವರ್ಷ, ಯಾರ ಖರ್ಚಿನಲ್ಲಿ? ಹಟ್ಟಿ ಕ್ಯಾಂಪಿನಲ್ಲಿ ಇರುವವರು, ಕೆಜಿಎಫ್‌ನಲ್ಲಿ ಕೆಳಗಿಳಿದು ಕೆಲಸ ಮಾಡಿದವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಅನುಭವ ಬರೆಯಿರಿ. ಮುಂದಿನ ವಾರ ಶಾಸಕರ ಕಚೇರಿಗೆ ಕೊಡಲು ಒಂದು ಮನವಿ ತಯಾರು ಮಾಡುತ್ತಿದ್ದೇನೆ, ಅದರಲ್ಲಿ ಸೇರಿಸುತ್ತೇನೆ.